ಶೇಂಗಾದ ಮೇಲೆ ಜಾರಿ ಬಂದ ಕಲ್ಲು

ಶೇಂಗಾ ತಿಂದು ಮುಗಿಸಿದ ಮೇಲೆ ಪೊಟ್ಟಣದ ಕಾಗದವನ್ನು ನೀವು ಏನು ಮಾಡುತ್ತೀರೋ ನನಗೆ ತಿಳಿಯದು. ನಾನಂತೂ ಅದನ್ನು ಬಿಡಿಸಿ, ಮೊಣಕಾಲ ಮೇಲೆ ತೀಡಿ, ಉಪ್ಪಿನ ಹರಳು ಕೊಡವಿ ಓದುತ್ತೇನೆ. ನಾಲ್ಕನೆಯ ತರಗತಿಗೆ ಸಾಲೆ ಬಿಟ್ಟು, ದೇವದುರ್ಗದ ನಮ್ಮ ಕಿರಾಣಿ ಅಂಗಡಿಯಲ್ಲಿ ಅಪ್ಪನ ಪಕ್ಕ ಪೊಟ್ಟಣ ಕಟ್ಟಲು ಕುಳಿತವಳಿಗೆ ಒದಗಿದ ವಿದ್ಯಾಪೀಠವೆಂದರೆ ರಾಯಚೂರಿನಿಂದ ಬಸ್ಸಿನ ನೆತ್ತಿಯೇರಿ ಬರುತ್ತಿದ್ದ ರದ್ದಿ ಕಾಗದದ ಕಟ್ಟು. ಅದನ್ನು ತರುತ್ತಿದ್ದ ಚಾಚಾ, "ಬೇಟಿ, ಇದರಾಗ ಪೂರಾ ದುನಿಯಾದ ಅಕಲ್ ಅದ, ತೂಕ ಮಾಡಿ ತಗೋ" ಎಂದು ನಗುತ್ತಿದ್ದ.

ಹಳೆಯ ವಾರಪತ್ರಿಕೆಗಳ ಪ್ರಶ್ನೋತ್ತರದ ಪುಟವೆಂದರೆ ನನಗೆ ಬಲು ಮೋಹ. ಮೇಲೆ ಪ್ರಶ್ನೆಗಳು, ಕೆಳತುದಿಯಲ್ಲಿ ತಲೆಕೆಳಗಾದ ಉತ್ತರಗಳು. ಆದರೆ ಅಪ್ಪ ಬೆಳಗಾಗುತ್ತಲೇ ಹಾಳೆಗಳನ್ನೆಲ್ಲ ಅಡ್ಡ ಹರಿದು ಎರಡು ಗುಡ್ಡೆ ಮಾಡಿಡುತ್ತಿದ್ದ: ಕೆಳಗಿನ ತುಂಡು ಖಾರದ ಪುಡಿಗೆ, ಮೇಲಿನದು ಶೇಂಗಾಕ್ಕೆ. ಖಾರಕ್ಕೆ ಗಿರಾಕಿ ಮುಂಜಾನೆಯೇ ಬರುತ್ತಾರೆ, ಶೇಂಗಾಕ್ಕೆ ಸಂಜೆ. ಹೀಗಾಗಿ ಮಧ್ಯಾಹ್ನ ನಾನು ಓದಲು ಕೂರುವ ಹೊತ್ತಿಗೆ ಪ್ರಶ್ನೆಗಳಷ್ಟೇ ನನ್ನ ಪಾಲಿಗೆ ಉಳಿದು, ಉತ್ತರಗಳು ಊರವರ ಒಲೆಯ ಕಡೆ ಹೊರಟುಹೋಗಿರುತ್ತಿದ್ದವು.

ಅಷ್ಟಕ್ಕೇ ಸುಮ್ಮನಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ನನ್ನ ತಂಗಿ ಗೌರಿ ಸಾಲೆಯಿಂದ ಬಂದವಳೇ ನನ್ನ ಪಕ್ಕ ಕೂತು ಆ ಪ್ರಶ್ನೆಗಳನ್ನು ಓದುವಳು. ಅಕ್ಕನಿಗೆ ತಿಳಿಯದ್ದು ಲೋಕದಲ್ಲಿ ಇಲ್ಲವೆಂಬುದು ಅವಳ ನಂಬಿಕೆ. 'ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಿಂದ ಹೊರಡುತ್ತಲೇ ಇರಲಿಲ್ಲ.

"ಯಕ್ಕಾ, ಕುಂಭಕರ್ಣನ ಹೆಂಡ್ತಿ ಹೆಸರು ಏನು?"

"ಜಾಗರಮ್ಮ."

"ಖರೇನ?"

"ಮತ್ತ? ಆ ಮನ್ಯಾಗ ಒಬ್ಬರರ ಎದ್ದಿರಬೇಕಲ್ಲಬೇ!"

ಆಕೆಯ ಹೆಸರು ವಜ್ರಜ್ವಾಲೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಈಗಲೂ ಆ ಮನೆತನಕ್ಕೆ ನಾನಿಟ್ಟ ಹೆಸರೇ ಹೆಚ್ಚು ಒಪ್ಪುತ್ತದೆಂದು ಒಳಗೊಳಗೇ ಅನ್ನಿಸುವುದುಂಟು. ನನ್ನ ಪಶ್ಚಾತ್ತಾಪದಲ್ಲಿಯೂ ಇಷ್ಟು ಕಲಬೆರಕೆ ಇದೆ, ನೀವು ಸಹಿಸಿಕೊಳ್ಳಬೇಕು.

ಎಪ್ಪತ್ತರ ದಶಕದ ನಡುವಿನ ಮಾತು. ಏಳನೆಯ ತರಗತಿಯಲ್ಲಿದ್ದ ಗೌರಿಯನ್ನು ರಾಯಚೂರಿನ ರಸಪ್ರಶ್ನೆ ಸ್ಪರ್ಧೆಗೆ ಆರಿಸಿದರು. ಅಪ್ಪ ಖಡಾಖಂಡಿತವಾಗಿ ಹೇಳಿದ್ದ: "ಬಹುಮಾನ ತಂದ್ರ ಹೈಸ್ಕೂಲು. ಇಲ್ಲಂದ್ರ ಅಕ್ಕನ ಬಾಜೂಕ ಕುಂತು ಪೊಟ್ಟಣ ಕಟ್ಟು." ಆ ದಿನಗಳಲ್ಲೇ ಒಂದು ಮೇಲಿನ ತುಂಡಿನಲ್ಲಿ ಪ್ರಶ್ನೆ ಸಿಕ್ಕಿತು: ರಾಯಚೂರು ಕೋಟೆಯ ಗೋಡೆಯಲ್ಲಿರುವ ಆ ಭಾರಿ ಉದ್ದನೆಯ ಕಲ್ಲನ್ನು ತಂದದ್ದು ಹೇಗೆ? ಕೋಟೆಯನ್ನು ಬಸ್ಸಿನ ಕಿಟಕಿಯಿಂದ ಬಿಟ್ಟರೆ ಬೇರೆ ಕಂಡವಳಲ್ಲ ನಾನು. ಎದುರಿಗಿದ್ದದ್ದು ಶೇಂಗಾ ಚೀಲ ಮತ್ತು ಎಣ್ಣೆ ಡಬ್ಬಿ.

"ದಾರಿಗುಂಟ ಶೇಂಗಾ ಸುರುವಿದ್ರು. ಕಲ್ಲಿನ ಭಾರಕ್ಕ ಎಣ್ಣಿ ಬಿಡ್ತು. ಕಲ್ಲು ತಾನ ಜಾರಿಕೋಂತ ಬಂತು" ಎಂದೆ.

"ಹಂಗಾದ್ರ ಎತ್ತು ಏನ್ ಮಾಡ್ತಿದ್ವು?"

"ಎಣ್ಣಿ ಬಿಟ್ಟು ಹಿಂದ ಉಳಿದ ಹಿಂಡಿ ತಿಂತಿದ್ವು."

ಗೌರಿ ತಲೆದೂಗಿದಳು. ನನಗೇ ನನ್ನ ಜಾಣತನದ ಮೇಲೆ ಪ್ರೀತಿ ಉಕ್ಕಿತು.

ಸ್ಪರ್ಧೆಯ ಸಂಜೆ ರಾಯಚೂರಿನಿಂದ ಗಬ್ಬೂರು ಹಾದು ಬಂದ ಬಸ್ಸಿಳಿದು ಗೌರಿ ಬರಿಗೈಯಲ್ಲಿ ಅಂಗಡಿ ಮೆಟ್ಟಿಲೇರಿದಳು. ಅದೇ ಪ್ರಶ್ನೆ ಬಂದಿತ್ತಂತೆ. ನನ್ನ ಉತ್ತರವನ್ನು ಹಿಂಡಿಸಮೇತ ಒಪ್ಪಿಸಿದಾಗ ಸಭೆಯೆಲ್ಲ ನಕ್ಕಿತಂತೆ. ತೀರ್ಪುಗಾರರಾಗಿದ್ದ ಹಿರಿಯ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, ಶೇಂಗಾ ಪೋರ್ಚುಗೀಸರ ಹಡಗಿನ ಹಿಂದೆಯೇ ನಮ್ಮ ನಾಡಿಗೆ ಬಂದದ್ದು, ಆ ಹೊತ್ತಿಗೆ ಈ ಕಲ್ಲು ಗೋಡೆ ಸೇರಿ ಎಷ್ಟೋ ಕಾಲವಾಗಿತ್ತು ಎಂದು ತಿಳಿಸಿ, ಮಕ್ಕಳನ್ನು ಕೋಟೆಗೇ ಕರೆದೊಯ್ದರಂತೆ.

"ಗ್ವಾಡಿ ಮ್ಯಾಲೇ ಚಿತ್ರ ಕೆತ್ಯಾರ ಯಪ್ಪಾ! ಬಂಡಿ ಅದ, ಗಾಲಿ ಅದ, ಹೂಡಿದ ದನದ ಸಾಲು ಅದ. ಉತ್ತರ ಅಲ್ಲೇ ಅದ!" ಸೋತು ಬಂದವಳ ಕಣ್ಣುಗಳು ಗೆದ್ದವರ ಕಣ್ಣಿನಂತೆ ಹೊಳೆಯುತ್ತಿದ್ದವು.

ಅಪ್ಪ ತಕ್ಕಡಿ ಕೆಳಗಿಟ್ಟ. "ಈ ಶೇಂಗಾದ ಪುರಾಣ ನಿನಗ ಯಾರು ಹೇಳಿಕೊಟ್ರು?"

ಗೌರಿ ನನ್ನ ಕಡೆ ತಿರುಗಲೂ ಇಲ್ಲ. "ನಾನ ಕಟ್ಟಿ ಹೇಳ್ದೆ."

ಮಾತಾಡಬೇಕಾದ ಗಳಿಗೆ ಅದು. ನಾನು ತೊಗರಿಬೇಳೆಯಲ್ಲಿ ಇಲ್ಲದ ಕಲ್ಲು ಹುಡುಕುತ್ತಿದ್ದೆ.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ತೀರ್ಪು ಕೊಟ್ಟ: "ಇಂಥಾ ಸುಳ್ಳು ಹೇಳಾಕಿನ್ನ ಅಂಗಡ್ಯಾಗ ಕುಂದರಿಸಿದ್ರ ನನ್ನ ತಕ್ಕಡಿನ ಯಾರೂ ನಂಬಂಗಿಲ್ಲ. ಸಾಲಿಗೇ ಹೋಗ್ಲಿ ಬಿಡು. ನಿಮ್ಮಕ್ಕನ್ನ ನೋಡು, ಎಷ್ಟು ನಿಯತ್ತಿನಾಕಿ!"

ಆ ಹೊಗಳಿಕೆ ಶೇಂಗಾದ ಒಳಸಿಪ್ಪೆಯಂತೆ ಇಂದಿಗೂ ಗಂಟಲಿಗೆ ಅಂಟಿಕೊಂಡಿದೆ. ನಾವು ಕೂರುವ ಕುರ್ಚಿ ಅರಬರ ಮಾತಂತೆ, ಎಣಿಸುವ ಪಗಾರ ಪೋರ್ಚುಗೀಸರದಂತೆ, ಖಾರದ ಮೆಣಸಿನಕಾಯಿಯೂ ಶೇಂಗಾವೂ ಕಡಲು ದಾಟಿ ಬಂದವಂತೆ. ಬಹಳ ದಿನ ಮನೆಯಲ್ಲಿ ಕೂತದ್ದೆಲ್ಲ ಮನೆಯದೇ ಆಗುತ್ತದೆ. ಹಾಗೆಯೇ ನನ್ನ ಸುಳ್ಳು ಗೌರಿಯ ಮನೆಯಲ್ಲಿ, ಅವಳ ಹೆಸರಿನಲ್ಲಿ, ಹಾಯಾಗಿ ನೆಲೆಸಿಬಿಟ್ಟಿತು.

ಗೌರಿ ಈಗ ಮಾನ್ವಿಯ ಸಾಲೆಯಲ್ಲಿ ಮೇಡಂ. ವರ್ಷವರ್ಷವೂ ಮಕ್ಕಳನ್ನು ಕೋಟೆಗೆ ಕರೆದೊಯ್ದು, ಮೊದಲು ಶೇಂಗಾದ ಕಥೆ ಹೇಳಿ ನಂಬಿಸಿ, ಆಮೇಲೆ ಗೋಡೆಯ ಚಿತ್ರ ತೋರಿಸುತ್ತಾಳೆ. ಮೊನ್ನೆ ಊರಿಗೆ ಬಂದವಳು ಶೇಂಗಾ ಮೆಲ್ಲುತ್ತ ಅದನ್ನೇ ಹೇಳಿದಳು.

"ಸುಳ್ಳು ಯಾರದು ಅಂತ ಹೇಳ್ತಿಬೇ?" ಎಂದೆ.

"ನಂದ ಅಂತೀನಿ. ಯಪ್ಪನ ಮುಂದ ಹೇಳಿದ್ದು ತಿರುಗಿ ತಗೊಳ್ಳಾಕ ಬರ್ತದನು?"

ಅಪ್ಪ ಒಳಗಿನ ಮಂಚದ ಮೇಲೆ ಎಚ್ಚರವಾಗಿಯೇ ಇದ್ದ. "ನಂದು" ಎಂದೆ, ಅವನಿಗೂ ಕೇಳುವಷ್ಟು ಜೋರಾಗಿ. "ಇನ್ಮ್ಯಾಲೆ ನನ್ನ ಹೆಸರು ಹೇಳು."

ಒಳಗಿನಿಂದ ಕೆಮ್ಮೋ ನಗುವೋ ಗೊತ್ತಾಗದ ಸದ್ದು ಬಂತು. "ಹಿಂಡಿ ಮಾತು ಕೇಳಿದಾಗನ ಗೊತ್ತಾಗಿತ್ತಬೇ ನನಗ. ಸಾಲಿಗೆ ಹೋಗೋ ಹುಡುಗಿಗೆ ಅಷ್ಟು ವ್ಯಾಪಾರ ಎಲ್ಲಿಂದ ಬರ್ತದ?"

ಗೌರಿ ಖಾಲಿ ಪೊಟ್ಟಣ ಬಿಡಿಸಿ, ಹರಿದ ಅಂಚಿನವರೆಗೂ ಓದಿ, ಕಣ್ಣೆತ್ತಿದಳು. "ಯಕ್ಕಾ, ಇಲ್ಲೊಂದು ಪ್ರಶ್ನಿ ಅದ."

"ಗೊತ್ತಿಲ್ಲ" ಎಂದೆ, ಪ್ರಶ್ನೆ ಕೇಳುವ ಮೊದಲೇ. ಹೇಳಿದ ಮೇಲೆ ಏನೆಂದು ಕೇಳಬೇಕೆನಿಸಿತು.