ಸುಣ್ಣದ ಗೆರೆಯಾಚೆ ಎರಡು ಹೆಜ್ಜೆ

ನಾನು ಮೂಲತಃ ಕಬಡ್ಡಿಯವನು. ಸಿಂಧನೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ಇಷ್ಟು ವರ್ಷ ಮಕ್ಕಳ ತಲೆಗೆ ತುಂಬಿದ್ದು ಒಂದೇ ಮಾತು: ಗೆರೆ ದಾಟಿದರೆ ಔಟ್. ಶಾಲೆಗಳಿಗೆ ಬೇಸ್‌ಬಾಲ್ ಬಂದಾಗ ನನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಊಟ ಚೆನ್ನಾಗಿತ್ತು. ನಿಯಮಗಳ ಜೆರಾಕ್ಸ್ ಕೊಟ್ಟರು, ಬ್ಯಾಗಿಗೆ ತುರುಕಿಕೊಂಡೆ. ಊರಿಗೆ ಬಂದ ಮೇಲೆ ಸುತ್ತಲಿನ ತಾಲೂಕುಗಳಿಗೆಲ್ಲ ನಾನೇ ಪಂಡಿತ.

ಮಸ್ಕಿ ಮೈದಾನದಲ್ಲಿ ಹುಡುಗಿಯರ ಫೈನಲ್. ಒಂದು ಕಡೆ ನಮ್ಮ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು. ನಮ್ಮ ತಂಡದ ಆಟಕ್ಕೆ ನಾನು ಅಂಪೈರ್ ಆಗಬಾರದಿತ್ತು. ಬೇರೆ ಯಾರಿಗೂ ಬರುವುದಿಲ್ಲವೆಂದು ನನ್ನನ್ನೇ ನಿಲ್ಲಿಸಿದರು, ನಾನೂ ಎದೆಯುಬ್ಬಿಸಿ ನಿಂತೆ.

ಕೊನೆಗೆ ಬ್ಯಾಟ್ ಹಿಡಿದು ಬಂದವಳು ಲಿಂಗಸುಗೂರು ತಂಡದ, ಗುರುಗುಂಟಾ ಕಡೆಯ ಹತ್ತನೇ ಕ್ಲಾಸಿನ ಹುಡುಗಿ. ಅವರು ಒಂದು ರನ್ ಹಿಂದಿದ್ದರು, ಅವರ ಇಬ್ಬರು ಓಡಲು ಕಾದು ಬೇಸ್ ಮೇಲಿದ್ದರು. ಒಂದು ಒಳ್ಳೆಯ ಹೊಡೆತ ಬಿದ್ದರೆ ಗೆಲುವು, ಇವಳು ಔಟಾದರೆ ಎಲ್ಲ ಮುಗಿದಂತೆ. ಗೆದ್ದ ತಂಡ ವಿಭಾಗ ಮಟ್ಟಕ್ಕೆ ಹೋಗುತ್ತದೆ, ಕ್ರೀಡಾ ಹಾಸ್ಟೆಲ್‌ಗೆ ಮಕ್ಕಳನ್ನು ಆರಿಸುವುದು ಅಲ್ಲೇ. ಅವಳಿಗೆ ಅದೇ ಕೊನೆಯ ವರ್ಷ.

ಎರಡು ಸಲ ಬೀಸಿದಳು, ತಾಗಲಿಲ್ಲ. ಇನ್ನೊಂದು ಅವಕಾಶ ಉಳಿದಿತ್ತು. ಕೈ ಬೆವರಿತ್ತೇನೋ, ಬ್ಯಾಟ್ ಹಿಡಿದವರು ನಿಲ್ಲುವ ಸುಣ್ಣದ ಚೌಕದಿಂದ ಎರಡು ಹೆಜ್ಜೆ ಆಚೆ ಬಂದು, ಬಗ್ಗಿ ಅಂಗೈಗೆ ಮಣ್ಣು ತಿಕ್ಕಿಕೊಂಡಳು. ನನ್ನ ಸೀಟಿ ತಾನಾಗಿಯೇ ಕೂಗಿತು.

"ಗೆರಿ ದಾಟಿದಿ. ಔಟ್!"

"ಸರ್, ಮಣ್ಣು ಹಚ್ಚಿಕೊಳ್ಳಾಕ ಬಂದಿದ್ದೆರೀ..."

ಅವರ ಮೇಡಂ ಓಡಿ ಬಂದರು. "ಪುಸ್ತಕದಾಗ ಹಂಗ ಐತೇನ್ರಿ ಸರ್?"

"ನನಗ ಆಟ ಕಲಸಾಕ ಬರಬ್ಯಾಡ್ರಿ ಮೇಡಂ," ಎಂದು ಎಲ್ಲರೆದುರು ಗದರಿದೆ. ಅವರ ಮುಖ ಸಣ್ಣದಾಯಿತು. ಹುಡುಗಿ ಬ್ಯಾಟನ್ನು ನೆಲಕ್ಕೆ ಎಸೆಯಲಿಲ್ಲ, ಮೆಲ್ಲಗೆ ಇಟ್ಟು ಹೋದಳು.

ನಮ್ಮ ಹುಡುಗಿಯರು ಕುಣಿಯುತ್ತಿದ್ದಾಗ ನಾನು ಟಂಟಂ ಗಾಡಿಯಲ್ಲಿ ಕುಳಿತು, ಯಾಕೋ ಮನಸ್ಸು ತಡೆಯದೆ ಆ ಜೆರಾಕ್ಸ್ ತೆಗೆದೆ. ಬ್ಯಾಟ್ ಬೀಸಿದ ಮೇಲೆ ಚೌಕದಿಂದ ಹೊರಗೆ ಬರಬಹುದು ಎಂದು ಬರೆದಿತ್ತು. ಹೊರಗೆ ಕಾಲಿಟ್ಟು ಚೆಂಡು ಹೊಡೆದರೆ ಮಾತ್ರ ಔಟ್. ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ. ಲಿಂಗಸುಗೂರಿನವರು ಇನ್ನೂ ಮೈದಾನದ ಅಂಚಿನಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದರು. ಚೌಕದ ಸುಣ್ಣ ಅಳಿಸಿರಲಿಲ್ಲ. ಇಳಿದು ಹೋಗಿ ಒಂದು ಮಾತು ಹೇಳಿದ್ದರೆ ಆಟ ಮುಂದುವರಿಯುತ್ತಿತ್ತು. ಗದರಿಸಿದ ಬಾಯಿಂದಲೇ ತಪ್ಪಾಯಿತು ಎನ್ನಬೇಕಲ್ಲ! ಹಾಳೆ ಮಡಚಿ, "ನಡಿಯಪ್ಪಾ, ಹೊತ್ತಾತು," ಎಂದು ಡ್ರೈವರನಿಗೆ ಹೇಳಿದೆ. ಅವತ್ತಿನ ನನ್ನನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ.

ಹೋದ ತಿಂಗಳು ಲಿಂಗಸುಗೂರಿನ ಬಟ್ಟೆ ಅಂಗಡಿಯೊಂದಕ್ಕೆ ಹೆಂಡತಿಯ ಜೊತೆ ಹೋಗಿದ್ದೆ. ಸೀರೆ ಬಿಚ್ಚಿ ತೋರಿಸುತ್ತಿದ್ದವಳು ನನ್ನನ್ನು ನೋಡಿ, "ನಮಸ್ಕಾರ್ರಿ, ಬೇಸ್‌ಬಾಲ್ ಸರ್ ಅಲ್ಲೇನ್ರಿ?" ಎಂದಳು. ಅವಳೇ. ಹೆಂಡತಿ ಅತ್ತ ಬೇರೆ ಬಣ್ಣ ನೋಡಲು ಹೋದಾಗ ಧೈರ್ಯ ಮಾಡಿದೆ.

"ಅವತ್ತು ನೀ ಔಟ್ ಇರಲಿಲ್ಲವ್ವಾ. ನಂದಽ ತಪ್ಪು."

"ಗೊತ್ತೈತ್ರಿ. ಮರುದಿನಾನ ಮೇಡಂ ಓದಿ ಹೇಳಿದ್ರು."

"ನನ್ನಿಂದ ನೀವು ಸೋತ್ರಿ."

ಅವಳು ಸೀರೆಯ ಮಡಿಕೆ ಸರಿಮಾಡಿದಳು.

"ಹಂಗ್ಯಾಕ ಅಂತೀರಿ ಸರ್. ಆ ಕಡೀ ಬಾಲ್‌ಗೂ ನಾ ಸೋಲ್ತಿದ್ದೆನೋ ಏನೋ. ಹೊಡಿತಿದ್ದೆನೋ, ಇಲ್ಲೋ, ಅದೊಂದು ನನಗ ಗೊತ್ತಾಗಬೇಕಿತ್ತು ನೋಡ್ರಿ."