ಜವರಮ್ಮನವರ ಒಂದು ಲೋಟ ಸೀಮೆಎಣ್ಣೆ

ಗೆಳೆಯರೇ, ನಮ್ಮ ತಂತಿ ಸತ್ತಿಲ್ಲ. ಇವತ್ತು ಶಾಂತಿಗ್ರಾಮದಲ್ಲಿ ರುಜುವಾತಾಯಿತು.

ಅಲ್ಲಿ ಒಂದು ಪೆಟ್ರೋಲ್ ಬಂಕಿಗೂ ಪಕ್ಕದ ಹೊಲದ ಜವರಮ್ಮನವರ ಕುಡಿಯುವ ನೀರಿನ ಬಾವಿಗೂ ನಡುವೆ, ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿಯನ್ನು ನೆಲದೊಳಕ್ಕೆ ಇಳಿಸಿದ್ದೇವೆ. ಮಣ್ಣಿಗೆ ಎಣ್ಣೆ ಸೋರಿದರೆ ತಂತಿಯೊಳಗಿನ ಬೆಳಕು ಬದಲಾಗಿ ನಮಗೆ ತಿಳಿಯುತ್ತದೆ. ಎರಡು ತಿಂಗಳಿಂದ ಲ್ಯಾಪ್‌ಟಾಪಿನಲ್ಲಿ ಆ ಬೆಳಕನ್ನು ತೋರಿಸುವ ಗೆರೆ ಅಲುಗಿರಲಿಲ್ಲ. ಹಾಸನದ ನಮ್ಮ ಕಾಲೇಜಿನಲ್ಲಿ ಎಲ್ಲರೂ ತಂತಿ ಸತ್ತಿದೆ ಎಂದು ನಗುತ್ತಿದ್ದರು.

ಇವತ್ತು ಬೆಳಿಗ್ಗೆ ಗೆರೆ ನೆಗೆಯಿತು. ಬಂಕಿನ ಮ್ಯಾನೇಜರ್ ಬೆವರತೊಡಗಿದರು. ಬಾವಿಯ ನೀರು ಮುಟ್ಟಬೇಡಿ ಎಂದು ಕೂಗಿದೆ. ಆಮೇಲೆ ಅಗೆದು ನೋಡಿದರೆ ಎಣ್ಣೆಯಿದ್ದದ್ದು ಮೇಲಿನ ಅರ್ಧ ಅಡಿಯಲ್ಲಿ ಮಾತ್ರ. ಕೆಳಗಿನ ಮಣ್ಣು, ನೀರು ಎರಡೂ ಶುದ್ಧ.

"ಇಲ್ಲಿ ಯಾರಾದ್ರೂ ಏನಾದ್ರೂ ಚೆಲ್ಲಿದ್ರಾ?" ಎಂದೆ.

"ನಾನೇ ಕಣಪ್ಪ," ಎಂದರು ಜವರಮ್ಮ. "ನಿಮ್ಮ ವೈರಿಗೆ ಗೆದ್ಲು ಅತ್ತಿತ್ತು. ತಿಂದ್ಬುಟ್ಟಾತು ಅಂತ ಸೀಮೆಣ್ಣೆ ಉಯ್ದೆ."

"ಎಷ್ಟಮ್ಮ?"

"ಒಂದು ಲೋಟ. ರೇಷನ್ದು ಅಷ್ಟೇ ಉಳ್ದಿತ್ತು."

ಎಣ್ಣೆ ಕುಡಿದ ಮಣ್ಣನ್ನು ಅಗೆದು ಚೀಲಕ್ಕೆ ತುಂಬಿದೆವು. ಅಷ್ಟರಲ್ಲಿ ಜವರಮ್ಮ, ಒಲೆ ಹೊತ್ತಿಸಲು ಸೀಮೆಎಣ್ಣೆಯಿಲ್ಲದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, ಅದೇ ಬಾವಿಯ ನೀರಿನಲ್ಲಿ ನಮಗೆಲ್ಲ ಕಾಫಿ ಕಾಸಿದರು. ಮ್ಯಾನೇಜರ್ ಎರಡು ಲೋಟ ಕುಡಿದರು.

ಈಗ ವರದಿ ಬರೆಯಲು ಕೂತಿದ್ದೇನೆ. 'ಮಾಲಿನ್ಯಕ್ಕೆ ಕಾರಣ' ಎಂದೊಂದು ಖಾನೆಯಿದೆ. ಅಲ್ಲಿ 'ಉಪಕಾರ' ಎಂದು ಬರೆಯಬಹುದೇ, ಬಲ್ಲವರು ಹೇಳಿ.