ಕಳಚಿಟ್ಟ ಸ್ಟಾರ್ಟರ್

ನನ್ನ ತಮ್ಮ ಅಷ್ಟು ಹೇಳಿದರೂ ನಾನು ಆ ಟ್ಯೂಬ್‌ಲೈಟಿನ ಪಟ್ಟಿಯನ್ನು ಒಂದೇ ಒಂದು ಸಲ ಬಿಚ್ಚಿಸಿ ನೋಡಲಿಲ್ಲ. ಮೊನ್ನೆ ನಮ್ಮ ಸಾರಕ್ಕಿ ಮನೆಗೆ ಬಣ್ಣ ಹೊಡೆಸುವ ಮುಂಚೆ ಎಲೆಕ್ಟ್ರಿಷಿಯನ್ ಅದನ್ನು ಇಳಿಸಿ ಮುಚ್ಚಳ ತೆಗೆದಾಗ, ಸುಟ್ಟ ಡಾಂಬರಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ತಮ್ಮನೂ ಬಂದ ಹಾಗಾಯಿತು...

ಶಾಲೆಗೆ ಹೆಚ್ಚು ಹೋದವಳಲ್ಲ ನಾನು. ಆಗ ಮುಂದಿನ ಕೋಣೆಯಲ್ಲಿ ರಾತ್ರಿಯವರೆಗೂ ಬ್ಲೌಸ್ ಹೊಲಿಯುತ್ತಿದ್ದೆ. ತಮ್ಮನ ಹಾಸಿಗೆಯೂ ಅಲ್ಲೇ. ಬೆಳಗಿನ ಪಾಳಿಯವನು, ಬೇಗ ಮಲಗಬೇಕು. ಬೆಳಕಿಗಾಗಿ ದಿನಾ ಜಗಳ.

ಟ್ಯೂಬಿನ ತುದಿ ಕಪ್ಪಾಗಿತ್ತು. ಸ್ವಿಚ್ ಹಾಕಿದರೆ ಬಹಳ ಹೊತ್ತು ಮಿಣುಕಿ ಸತಾಯಿಸುತ್ತಿತ್ತು. ಒಂದು ಸಂಜೆ ಮಿಣುಕಲೂ ಇಲ್ಲ. ನೋಡಿದರೆ ಟ್ಯೂಬ್ ಹತ್ತಿಸುವ ಪುಟ್ಟ ಸ್ಟಾರ್ಟರೇ ಮಾಯ. ತಮ್ಮನ ಅಂಗಿಯ ಜೇಬಿನಲ್ಲಿ ಸಿಕ್ಕಿತು.

"ನಿನ್ ನಿದ್ದೆಗೋಸ್ಕರ ನನ್ ಕೆಲ್ಸ ಹಾಳ್ ಮಾಡ್ತೀಯೇನೋ?"

"ಅಲ್ಲ ಕಣಕ್ಕಾ, ಪಟ್ಟಿಯೊಳ್ಗಿನ ಚೋಕ್ ಕಾದು ಸುಡ್ತಿದೆ. ಡಾಂಬರ್ ವಾಸ್ನೆ ಬರ್ತಿಲ್ವಾ? ಟ್ಯೂಬ್ ಬದಲಾಯ್ಸೋವರ್ಗೂ ಉರಿಸ್ಬೇಡ."

"ನನಗ್ ಬರ್ದಿರೋ ವಾಸ್ನೆ ನಿನಗ್ ಮಾತ್ರ ಬಂತಾ? ಸಖತ್ ಮೂಗು ಬಿಡು!"

ಅವನು ನಕ್ಕ. ನಾನು ನಗಲಿಲ್ಲ. ಆಮೇಲೆ ಮೆಷಿನ್ನಿನ ಬೆಲ್ಟ್ ಹರಿದರೂ ಅವನದೇ ಕೈವಾಡ, ಸೂಜಿ ಕಳೆದರೂ ಅವನೇ. ಹೊಲಿಗೆ ಮುಗಿದ ಕೂಡಲೇ, ಅವನ ಕೈಗೆ ಸಿಗದಂತೆ, ಸ್ಟಾರ್ಟರ್ ಕಳಚಿ ಮೆಷಿನ್ನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕತೊಡಗಿದೆ.

ಒಂದು ಭಾನುವಾರ ಹಾಸಿಗೆ ಸುತ್ತಿಕೊಂಡು ಪುಟ್ಟೇನಹಳ್ಳಿಯ ಗೆಳೆಯನ ರೂಮಿಗೆ ಹೊರಟ. "ಇನ್ಮೇಲೆ ಬೀಗ ಬೇಡಕ್ಕಾ," ಎಂದನಷ್ಟೆ.

ಅದೇ ವಾರ ಹೊಸ ಟ್ಯೂಬ್ ತಂದು ಹಾಕಿದೆ. ತಕ್ಷಣ ಹತ್ತಿತು. ನೋಡು, ಅವನಿಲ್ಲದಿದ್ದರೆ ಎಲ್ಲ ಸರಿಯಾಗಿದೆ ಎಂದುಕೊಂಡೆ...

ಹಬ್ಬಗಳಿಗೆ ಬರುತ್ತಿದ್ದ, ಊಟ ಮಾಡಿ ಹೋಗುತ್ತಿದ್ದ. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೋದ ವರ್ಷ ಜ್ವರ ಬಂದು ಮಲಗಿದವನು ಏಳಲೇ ಇಲ್ಲ.

"ಆಂಟಿ, ಚೋಕಿನೊಳ್ಗೆ ತುಂಬಿರೋ ಡಾಂಬರೆಲ್ಲಾ ಕರಗಿ ಇಳಿದಿದೆ. ಪಟ್ಟಿ ಹಿಂದಿನ ಮರದ ಹಲಗೆ ನೋಡಿ, ಇದ್ದಿಲಾಗಿದೆ. ಹಿಂಗೇ ಉರ್ಸಿದ್ರೆ ಬೆಂಕಿ ಹತ್ತೋದು," ಎಂದ ಮೊನ್ನೆ ಪಟ್ಟಿ ಇಳಿಸಿದ ಎಲೆಕ್ಟ್ರಿಷಿಯನ್.

ಹೊಸ ಫಿಟ್ಟಿಂಗ್ ಮಾರಲು ಹೀಗೆ ಹೆದರಿಸುತ್ತಿದ್ದಾನೇನೋ ಎಂದು ಆಗಲೂ ನನಗೆ ಅನುಮಾನವೇ. ಹಲಗೆಯನ್ನು ಮುಟ್ಟಿ ನೋಡಿದೆ. ಬೆರಳು ಕಪ್ಪಾಯಿತು.

"ತಪ್ಪಾಯ್ತು," ಎಂದೆ ಮೆಲ್ಲಗೆ.

"ನನಗಾ ಆಂಟಿ?"

"ನಿನಗಲ್ಲಪ್ಪ." ತಮ್ಮನ ಹಾಸಿಗೆಯಿದ್ದ ಮೂಲೆಯ ಕಡೆ ತಿರುಗಿದೆ. ಈ ಸಲ ದನಿ ತಗ್ಗಿಸಲಿಲ್ಲ. "ತಪ್ಪಾಯ್ತು ಕಣೋ ತಮ್ಮಾ. ಅವತ್ತು ನನಗೂ ವಾಸ್ನೆ ಬರ್ತಿತ್ತು."